ಆದಿಯಿಂದ ಹೇಳವ್ವ

ಹೇಳಿದ್ದನ್ನೇ ಹೇಳೋದಕ್ಕೆ ನಮ್ಮ ಕಡೆ ಎಷ್ಟೊಂದು ಮಾತಿದೆ ನೋಡಿ. ನಮ್ಮಪ್ಪ ಅದನ್ನ ತೌಡು ಕುಟ್ಟೋದು ಅಂತಿದ್ದ. ಎದುರು ಮನೆ ಅತ್ತೆಯ ಬಾಯಲ್ಲಿ ಅದು ಪುರಾಣ ಬಿಚ್ಚೋದು. ನನ್ನ ಗಂಡನಾಗಿದ್ದವನು ನಾನು ಬಾಯಿ ತೆಗೆದ ಕೂಡಲೇ "ಶುರುವಾಯ್ತಪ್ಪ ಕ್ಯಾಸೆಟ್ಟು" ಅಂತ ಟಿವಿ ಸೌಂಡು ಜಾಸ್ತಿ ಮಾಡ್ತಿದ್ದ. ಕ್ಯಾಸೆಟ್ಟು ಕಣ್ಣಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ, ನನ್ನನ್ನ ಹಂಗಿಸೋದಕ್ಕೆ ಮಾತ್ರ ಉಳಿದುಕೊಂಡಿತ್ತು. ಪಿರಿಯಾಪಟ್ಟಣದಲ್ಲಿ ಪಿಯುಸಿ ಓದುವಾಗ ಕನ್ನಡ ಮೇಷ್ಟ್ರು ಚರ್ವಿತಚರ್ವಣ ಅಂತ ಬೋರ್ಡಿನ ಮೇಲೆ ಬರೆದು, ಅಗಿದದ್ದನ್ನೇ ಮತ್ತೆ ಅಗಿಯೋದು ಅಂತ ಅರ್ಥ ಹೇಳಿದ್ದರು. ಎರಡು ಅಂಕ ಸಿಗುತ್ತೆ ಅಂತ ಬಾಯಿಪಾಠ ಮಾಡಿದ್ದೆ. ಮುಂದೊಂದು ದಿನ ನಮ್ಮ ಮನೆ ಜಗುಲಿ ಮೇಲೆ ನನ್ನ ಬದುಕನ್ನೇ ಐದು ಸಲ ಅಗೀತಾರೆ ಅಂತ ಯಾವಳಿಗೆ ಗೊತ್ತಿತ್ತು?

ನನ್ನ ಗಂಡನ ಮನೆ ಸಾಲಿಗ್ರಾಮದ ಹತ್ತಿರದ ಒಂದು ಊರು. ಅವನು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಕುಡಿಯಲ್ಲ, ಇಸ್ಪೀಟಾಡಲ್ಲ, ಬೀಡಿ ಕೂಡ ಸೇದಲ್ಲ. ಚಿನ್ನದಂಥ ಮನುಷ್ಯ ಅಂತ ಊರೆಲ್ಲ ಹೇಳೋರು. ಆ ಚಿನ್ನ ದಿನಾ ಬೆಳಿಗ್ಗೆ ಗಿರಣಿಗೆ ಹೊರಡುವಾಗ ನನ್ನನ್ನ ಒಳಗಿಟ್ಟು, ಹೊರಗಿನಿಂದ ಚಿಲಕ ಹಾಕಿ, ಬೀಗ ಜಡಿದು ಹೋಗ್ತಿತ್ತು. ಮದುವೆಯಾದ ಹೊಸತರಲ್ಲಿ ಕಳ್ಳರ ಭಯ ಅಂದ. ಆಮೇಲೆ ಕಾರಣ ಹೇಳೋದನ್ನೂ ಬಿಟ್ಟ. ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು ಗಳಿಗೆ ಬೀಗ ತೆಗೀತಿದ್ದ, ಅಷ್ಟರಲ್ಲಿ ನೀರು ಹಿಡಿದು, ಬಟ್ಟೆ ಹರವಿ, ಕಸ ಚೆಲ್ಲಿ ಬರಬೇಕು. ಏಳು ವರ್ಷ ಆ ಮನೆಯ ಒಂದೇ ಕಿಟಕಿಯಿಂದ ಹಾಲಿನ ಡೈರಿಗೆ ಹೋಗೋ ಜನರನ್ನ ನೋಡಿಕೊಂಡು ಬದುಕಿದೆ.

ಮಗಳಿಗೆ ಐದು ವರ್ಷವಾಗಿದ್ದಾಗ ಒಂದು ದಿನ ಹತ್ತು ಗಂಟೆ ಹೊತ್ತಿಗೆ ಜ್ವರ ಏರಿತು. ನೋಡ್ತಾ ನೋಡ್ತಾ ಕಣ್ಣು ಮೇಲೆ ಹೋಗಿ ಕೈಕಾಲು ಸೆಟೆದುಕೊಂಡವು. ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಿಟಕಿ ಸರಳು ಹಿಡಿದು ಗಂಟಲು ಹರಿಯೋ ಹಾಗೆ ಕಿರುಚಿದೆ. ಡೈರಿಯಿಂದ ಖಾಲಿ ಕ್ಯಾನ್ ಹಿಡಿದು ಬರ್ತಿದ್ದ ಒಬ್ಬ ಹೆಂಗಸು ಕೇಳಿಸಿಕೊಂಡು ಜನ ಸೇರಿಸಿದಳು. ಯಾರೋ ಹಾರೆ ತಂದು ಬೀಗ ಮೀಟಿದರು. ಆಸ್ಪತ್ರೆಯವರು ಸೂಜಿ ಹಾಕಿ, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಕಣಮ್ಮ ಅಂದರು. ಸಂಜೆ ಅವನು ಮನೆಗೆ ಬಂದು ಮಲಗಿದ್ದ ಮಗುವಿನ ಕಡೆ ತಿರುಗಿಯೂ ನೋಡದೆ ಮೊದಲು ಕೇಳಿದ್ದು, "ಬೀಗ ಒಡ್ದಿದ್ದು ಯಾರು?"

ಮಾರನೇ ದಿನ ಅದಕ್ಕಿಂತ ದೊಡ್ಡ ಬೀಗ ಬಂತು. ಅದಾದ ಮೇಲೆ ಯಾರದೋ ಮದುವೆಗೆ ಅಂತ ಕರೆದುಕೊಂಡು ಹೋದಾಗ, ಛತ್ರದ ಹಿಂದಿನ ಬಾಗಿಲಿನಿಂದ ಮಗಳ ಕೈ ಹಿಡಿದು ಹೊರಬಿದ್ದೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸು, ಅದೊಂದು ಪುಣ್ಯ. ಕೆ.ಆರ್. ನಗರಕ್ಕೆ ಬಂದು, ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ, ಬೆಟ್ಟದಪುರದ ಪಕ್ಕದ ನಮ್ಮೂರಿಗೆ ಬಂದು ಅವ್ವನ ಮುಂದೆ ಕೂತೆ. ಅವ್ವ ಏನೂ ಕೇಳಲಿಲ್ಲ. ಮಗಳಿಗೆ ಹಾಲು ಕಾಯಿಸಿ ಕೊಟ್ಟಳು.

ಅಪ್ಪ ಕೇಳಿದ. ಅವನು ಸುತ್ತಮುತ್ತ ನ್ಯಾಯ ಹೇಳೋ ಮನುಷ್ಯ. ಯಾರ ಮನೆ ಜಗಳವಾದರೂ ನಮ್ಮ ಜಗುಲಿಗೇ ಬರ್ತಿತ್ತು. ಕಂಪಲಾಪುರದಿಂದೆಲ್ಲ ಅವನನ್ನ ಕರೆಸಿಕೊಳ್ತಿದ್ದರು. "ನ್ಯಾಯ ಸೇರುಸ್ತೀನಿ. ಯಜಮಾನ್ರು ಏನಂತಾರೋ ಅಂಗೆ," ಅಂದ. ಯಜಮಾನರು ಅಂದರೆ ನ್ಯಾಯಕ್ಕೆ ಕೂರೋ ಊರ ಹಿರಿಯರು. ಕೋರ್ಟಿಗೆ ಹೋಗ್ತೀನಿ ಅಂದದ್ದಕ್ಕೆ, ಹೋಗೋದಾದ್ರೆ ಈ ಹೊಸ್ತಿಲು ಮೆಟ್ಟಬೇಡ ಅಂದ. ಆದರೂ ಕದ್ದು ಪಿರಿಯಾಪಟ್ಟಣದ ಒಬ್ಬರು ಲಾಯರನ್ನ ಕಂಡು ಬಂದೆ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಬೇಗ ಬಿಡುಗಡೆ, ಇಲ್ಲಾಂದ್ರೆ ವರ್ಷಗಟ್ಟಲೆ ಅಲೆದಾಟ ಅಂದರು. ಯಜಮಾನರು ಹೇಳಿದರೆ ಮಾತ್ರ ಸಹಿ ಹಾಕ್ತೀನಿ ಅಂತ ಗಂಡ ಹೇಳಿ ಕಳಿಸಿದ. ಯಜಮಾನರು ಹೇಳಿದರೆ ಮಾತ್ರ ಮನೇಲಿ ಇಟ್ಕೋತೀನಿ ಅಂತ ಅಪ್ಪ. ಹೀಗಾಗಿ ಅವರ ಬಾಯಿಂದ ಒಂದು ಮಾತು ಬರದೆ ನಾನೂ ನನ್ನ ಮಗಳೂ ಆ ಬೀಗದ ಮನೆಯಿಂದ ಪೂರಾ ಹೊರಗೆ ಬಂದ ಹಾಗಲ್ಲ.

ನಮ್ಮ ಕಡೆ ನ್ಯಾಯಕ್ಕೆ ಒಂದು ಕ್ರಮ ಉಂಟು. ದೂರು ಹೇಳೋರು ಎಲೆ ಅಡಿಕೆ ತಟ್ಟೆ ತಂದು ಯಜಮಾನರ ಮುಂದೆ ಇಡಬೇಕು. ತಟ್ಟೆ ಇಟ್ಟವರು ಮಾತು ಮುಗಿಸೋವರೆಗೆ ಯಾರೂ ಅಡ್ಡ ಬಾಯಿ ಹಾಕೋ ಹಾಗಿಲ್ಲ. ಆದರೆ ಪ್ರತಿ ಸಲ ಕೂತಾಗಲೂ ಮೊದಲಿಂದ ಹೇಳಬೇಕು. ಹಿಂದೆ ಹೇಳಿದ್ದು ಲೆಕ್ಕಕ್ಕಿಲ್ಲ. ಯಾಕಂದ್ರೆ ಯಾರಾದರೂ ಒಬ್ಬರು "ಅವತ್ತು ನಾ ಇರ್ನಿಲ್ಲವಲ್ಲ" ಅಂತ ಅಂದೇ ಅಂತಾರೆ. ನಡುವೆ ಕೂತಿರ್ತಿದ್ದವರು ನಮ್ಮ ದೊಡ್ಡಪ್ಪ, ಅಪ್ಪನ ದಾಯಾದಿ ಅಣ್ಣ. ಅವರು ಕನ್ನಡಕ ಸರಿಮಾಡಿಕೊಂಡು "ಆದಿಯಿಂದ ಹೇಳವ್ವ" ಅಂದರೆ ನ್ಯಾಯ ಶುರು.

ಮೊದಲನೇ ಸಲ ಹೇಳುವಾಗ ಅತ್ತೂ ಅತ್ತೂ ಉಸಿರು ಕಟ್ಟಿತ್ತು. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಆದರೆ ಅವತ್ತು ಅವನೇ ಬಂದಿರಲಿಲ್ಲ. ಇನ್ನೊಂದು ದಿನ ಕೂರೋಣ ಅಂತ ಎದ್ದರು. ಎರಡನೇ ಸಲ ಅವನು ಬಿಳಿ ಅಂಗಿ ಹಾಕಿಕೊಂಡು, ಎಲ್ಲರ ಕಾಲಿಗೆ ಬಿದ್ದು, "ನೀವು ಹೇಳ್ದಂಗೆ ಕಣಣ್ಣ" ಅಂತ ಮೂಲೇಲಿ ಕೂತ. ನಾನು ಮತ್ತೆ ಆದಿಯಿಂದ ಹೇಳಿದೆ. ಒಬ್ಬರು ಯಜಮಾನರು, "ಹೊಡ್ದವ್ನಾ?" ಅಂದರು. ಇಲ್ಲ ಅಂದೆ. "ಉಣ್ಣಕ್ ಇಕ್ದೆ ಸಾಯ್ಸುದ್ನಾ?" ಇಲ್ಲ. "ಮತ್ತೆ? ಎಂಡ್ತೀನ ಜ್ವಾಪಾನವಾಗಿ ಇಟ್ಕಂಡವ್ನೆ." ಇನ್ನೊಬ್ಬರಿಗೆ ನಗು ಬಂತು. ಮೂರನೇ ಸಲ ಅವನ ಕಡೆಯ ಹಿರಿಯರು ಬಂದಿದ್ದರು, ಅವರು ಕೇಳಿರಲಿಲ್ಲ, ಅವರಿಗೋಸ್ಕರ ಮತ್ತೆ.

ಅಷ್ಟರಲ್ಲಿ ನನ್ನ ಕಥೆ ನುಣ್ಣಗಾಗಿಬಿಟ್ಟಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸೆರಗಿಗೆ ಕೈ ಹಾಕಬೇಕು, ಎಲ್ಲ ತನಗೆ ತಾನೇ ಆಗ್ತಿತ್ತು. ಹಾರೆ ಮಾತು ಬಿಟ್ಟುಹೋದರೆ, ನಾನು ಮುಗಿಸಿದ ಮೇಲೆ ಒಬ್ಬರು "ಹಾರೇದು ಬುಟ್ಬುಟ್ಯಲ್ಲವ್ವ" ಅಂತ ನೆನಪು ಮಾಡಿಕೊಡೋರು. ನಾನು ಬುಧವಾರ ಅಂದಿದ್ದರೆ, ಆಮೇಲೆ ಅವನು ಮೂಲೆಯಿಂದ ಮೆಲ್ಲಗೆ "ಗುರುವಾರ ಕಣಣ್ಣ" ಅಂತಿದ್ದ. ನನಗೇ ಅಳು ಬರ್ತಿರಲಿಲ್ಲ. ಯಾರದೋ ಮನೆ ಸಂಗತಿ ಹೇಳ್ತಿದ್ದೀನಿ ಅನ್ನಿಸೋದು. ನಾನು ಹೋಗಲ್ಲ ಅಂದರೆ ಮತ್ತೆ ಕೂರೋದು, ಏಳೋ ಮುಂಚೆ ಪ್ರತಿ ಸಲವೂ ಅದೇ ಮಾತು: "ಹೊಂದ್ಕಂಡು ಓಗವ್ವ. ನಿಮ್ಮವ್ವನ್ನ ನೋಡು. ನಲವತ್ತು ವರ್ಸ ಬಾಳ್ನಿಲ್ವಾ? ಒಂದಿನಾನಾದ್ರೂ ಜಗುಲಿಗೆ ಬಂದವ್ಳಾ?" ಅವ್ವ ಒಳಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡು ಕಾಫಿ ಲೋಟ ಎತ್ತಿಕೊಂಡು ಹೋಗೋಳು.

ಒಂದು ದಿನ ಹಿತ್ತಲಿನಲ್ಲಿ ನನ್ನ ಮಗಳು ಎದುರು ಮನೆ ಹುಡುಗಿ ಜೊತೆ ಆಡ್ತಿದ್ದಳು. ಸೀಬೆ ಎಲೆಯ ಮೇಲೆ ಎರಡು ಕಲ್ಲಿಟ್ಟು ಅವಳ ಮುಂದೆ ತಳ್ಳಿ, ಗಂಟಲು ದಪ್ಪ ಮಾಡಿಕೊಂಡು "ಆದಿಯಿಂದ ಹೇಳವ್ವ" ಅಂದಳು. ಆಮೇಲೆ ತಾನೇ ಈ ಕಡೆ ಬಂದು ಕೂತು ನನ್ನ ಥರಾನೇ ಸೆರಗು ಎಳೆದುಕೊಂಡಳು. ನನಗೆ ಎಲ್ಲಿತ್ತೋ ಸಿಟ್ಟು, ಓಡಿಹೋಗಿ ಬೆನ್ನಿಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ. "ನೀನು ದಿನಾ ಹೇಳ್ತೀಯಲ್ಲಮ್ಮ," ಅಂದಳು. ಥೂ ನನ್ನ ಜನ್ಮಕ್ಕಿಷ್ಟು ಅಂತ ಬಚ್ಚಲು ಮನೇಲಿ ಕೂತು ಅತ್ತೆ.

ನಾಲ್ಕನೇ ಸಲ ನಾನು ಒಂದು ತಪ್ಪು ಮಾಡಿದೆ. ಬೀಗ ಅಂದರೆ ಇವರ ಮೈ ಮೇಲೆ ಒಂದು ಕೂದಲೂ ನಿಮಿರೋದಿಲ್ಲ ಅಂತ ಗೊತ್ತಾಗಿತ್ತಲ್ಲ. ಬೀಗ ಒಡೆದದ್ದು ಯಾರು ಅಂತ ಅವನು ಕೇಳಿದ ಜಾಗಕ್ಕೆ ಬಂದಾಗ, ಬಾಯಿಗೆ ಬಂದುಬಿಡ್ತು: "ಕೇಳ್ಬುಟ್ಟು ಕೆನ್ನೆಗೆ ಹೊಡ್ದ." ಹೊಡೆದಿರಲಿಲ್ಲ. ಅವನು ಯಾವತ್ತೂ ನನ್ನ ಮೇಲೆ ಕೈ ಮಾಡಿದವನಲ್ಲ. ಆದರೆ ಆ ಮಾತು ಬಿದ್ದದ್ದೇ ತಡ, ಜಗುಲಿ ತುಂಬ ಗುಸುಗುಸು ಎದ್ದಿತು. ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. "ಇಷ್ಟ್ ದಿನ ಯಾಕವ್ವ ಹೇಳ್ನಿಲ್ಲ?" ಅಂತ ದೊಡ್ಡಪ್ಪ ಮರುಗಿದರು. ಅವನು ಮಾತ್ರ ನನ್ನನ್ನೇ ನೋಡ್ತಿದ್ದ. ಮುಂದಿನ ವಾರ ಕೂತು ಮುಗಿಸಿಬಿಡೋಣ ಅಂದರು. ಆ ವಾರವೆಲ್ಲ ನನಗೆ ಒಂಥರಾ ಖುಷಿ, ಒಂಥರಾ ಅಳುಕು.

ಐದನೇ ಸಲ ಎಲ್ಲ ಸರಿಯಾಗೇ ನಡೀತಿತ್ತು. ಕೆನ್ನೆ ಮಾತು ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. ನಾನು ಬಲಗೈ ಎತ್ತಿ ಬಲಗೆನ್ನೆ ಮುಟ್ಟಿ ತೋರಿಸಿದೆ. ನನ್ನ ಮಾತು ಮುಗಿಯೋವರೆಗೂ ಅವನು ಕಾದ. ಮುಗಿದ ಮೇಲೆ ಕೈ ಮುಗಿದು, "ಅಣ್ಣ, ಓದ್ಸಲ ಎಡಗೆನ್ನೆ ಮುಟ್ಕಂಡ್ಲು. ನೀವೇ ನೋಡಿದ್ರಲ್ಲ," ಅಂದ. ನೋಡಿದ್ದರು. ನನಗೆ ನೆನಪಿರಲಿಲ್ಲ. ನಿಜವಾಗಿ ನಡೆದದ್ದರಲ್ಲಿ ವಾರ ತಪ್ಪಿದರೂ ಯಾರೂ ಸುಳ್ಳು ಅಂದಿರಲಿಲ್ಲ, ನಡೆಯದ ಒಂದೇ ಒಂದು ಮಾತಿನಲ್ಲಿ ಸಿಕ್ಕಿಬಿದ್ದೆ.

ಆಮೇಲೆ ಕೇಳಬೇಕೇ? ಅದೊಂದು ಸುಳ್ಳಾದರೆ ಎಲ್ಲವೂ ಸುಳ್ಳೇ ಅಂದರು. ಜ್ವರ ಬಂದಿತ್ತೋ ಇಲ್ಲವೋ ಅಂತ ಒಬ್ಬರಿಗೆ ಅನುಮಾನ. ಅಪ್ಪ ಎದ್ದು ನಿಂತು, "ನನ್ ಮಾನ ಕಳ್ದ್ಬುಟ್ಯಲ್ಲೇ," ಅಂತ ಹಲ್ಲು ಕಡಿದ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸುತ್ತಾ, "ಸೋಮವಾರ ಒಳ್ಳೆ ದಿನ. ಕೂಸ್ ಕರ್ಕಂಡು ಗಂಡನ ಜೊತೆ ಓಗ್ಬುಡು ಮಗಾ. ನಿಮ್ಮವ್ವನ್ನ ನೋಡಿ ಕಲ್ತ್ಕೊ," ಅಂದರು. ಸೋಮವಾರಕ್ಕೆ ಮೂರು ದಿನವಿತ್ತು. ಆ ಕಿಟಕಿ, ಆ ಡೈರಿ ದಾರಿ ಕಣ್ಣ ಮುಂದೆ ಬಂತು. ಬಾವಿಗೆ ಬಿದ್ದರೂ ಸೈ, ಹೋಗಲ್ಲ ಅಂತ ಒಳಗೊಳಗೇ ಅಂದುಕೊಂಡೆ. ಹಾಗಂದುಕೊಂಡಾಗ ಮಗಳು ನನ್ನ ತೊಡೆ ಮೇಲೇ ಕೂತಿದ್ದಳು.

ಎಲ್ಲರೂ ಟವಲ್ಲು ಕೊಡವಿ ಏಳೋದರಲ್ಲಿದ್ದರು. ಅಷ್ಟರಲ್ಲಿ ಅವ್ವ ಒಳಗಿಂದ ಬಂದಳು. ಕೈಯಲ್ಲಿ ತಟ್ಟೆ, ತಟ್ಟೇಲಿ ಎಲೆ ಅಡಿಕೆ. ಇನ್ನೇನು ಹೊರಡ್ತಾರೆ ಅಂತ ಮರ್ಯಾದೆಗೆ ತಂದಿದ್ದಾಳೆ ಅಂದುಕೊಂಡರು. ಒಬ್ಬರು ಎಲೆಗೆ ಕೈಯನ್ನೂ ಚಾಚಿದರು. ಅವ್ವ ತಟ್ಟೆಯನ್ನ ದೊಡ್ಡಪ್ಪನ ಮುಂದೆ ಇಟ್ಟು, ಜಗುಲಿ ಮೇಲೆ ಕಂಬಕ್ಕೊರಗಿ ಕೂತಳು. ಅವಳು ಗಂಡಸರ ಮುಂದೆ ಜಗುಲಿ ಮೇಲೆ ಕೂತದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಏನವ್ವ ಇದು?" ಅಂದರು ದೊಡ್ಡಪ್ಪ. "ಮಗಳ್ದು ಆಯ್ತಲ್ಲ."

"ಅವಳ್ದು ನಿಮ್ಗೆಲ್ಲ ಬಾಯಿಪಾಠ ಆಗದೆ, ಬುಡಿ ಬಾವ. ಕೆನ್ನೆದು ಸುಳ್ಳೇ ಹೇಳುದ್ಲು. ಬೀಗ ಅಂದ್ರೆ ನಿಮ್ಗೆ ಸಾಲ್ನಿಲ್ಲ, ಅದ್ಕೇ ಹೇಳುದ್ಲು. ನಾನು ನಂದು ಹೇಳಕ್ ಬಂದಿವ್ನಿ. ನಿಮ್ಮವ್ವನ್ನ ನೋಡು, ನಿಮ್ಮವ್ವನ್ನ ನೋಡು ಅಂತ ಐದು ಸಲ ಅಂದ್ರಲ್ಲ, ನೋಡ್ಕಳಿ."

ಅಪ್ಪ "ಸುಮ್ಕೆ ಒಳಗ್ ನಡಿಯೇ" ಅಂತ ಗದರಿದ. ದೊಡ್ಡಪ್ಪ ಅವನ ಕಡೆ ಕೈ ಎತ್ತಿ, "ತಟ್ಟೆ ಇಟ್ಟವ್ಳೆ ಕಣಪ್ಪ. ಮುಗೀಲಿ," ಅಂದರು. ನ್ಯಾಯದ ಕ್ರಮ ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂತ.

ಅವ್ವ ಅಳಲಿಲ್ಲ. ಸಾರಿಗೆ ಏನೇನು ಹಾಕಬೇಕು ಅಂತ ಹೇಳಿಕೊಡೋ ಹಾಗೆ ಹೇಳಿದಳು. ಮದುವೆಯಾಗಿ ಎರಡನೇ ವರ್ಷ. ಬ್ಯಾರನ್ನಿನಲ್ಲಿ, ಅಂದರೆ ಒಲೆ ಕಾವಿನಲ್ಲಿ ಸೊಪ್ಪು ಒಣಗಿಸೋ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸೋ ಕಾಲ. ಹಗಲೆಲ್ಲ ಸೊಪ್ಪು ಕಟ್ಟಿ, ರಾತ್ರಿ ಒಲೆಗೆ ಸೌದೆ ಒಟ್ಟೋ ಪಾಳಿಯೂ ಅವಳದ್ದೇ. ಬಸುರಿ, ಏಳು ತಿಂಗಳು. ಒಲೆ ಮುಂದೆ ಕೂತಲ್ಲೇ ಕಣ್ಣು ಹತ್ತಿತು. ಕಾವು ಇಳಿದು ಬ್ಯಾರನ್ನಿನ ಸೊಪ್ಪೆಲ್ಲ ಕೆಟ್ಟಿತು. ಬೆಳಿಗ್ಗೆ ಅಪ್ಪ ಬಂದು ನೋಡಿದ.

"ಇವ್ರು ಹೊಟ್ಟೆಗೆ ಒದ್ರು," ಅಂದಳು. "ಎರಡು ಸಲ. ಎಡಗಾಲಲ್ಲಿ. ನಂಗೆ ಚೆನ್ನಾಗ್ ಗ್ಯಾಪ್ಕ ಅದೆ. ಅವತ್ತೇ ಮಧ್ಯಾನ ಕೂಸು ಹೋಯ್ತು. ಮೆಟ್ಲಿಂದ ಜಾರ್ಬಿದ್ದೆ ಅಂತ ಹೇಳು ಅಂದ್ರು. ಹೇಳ್ದೆ. ನಲವತ್ತು ವರ್ಸ ಅದನ್ನೇ ಹೇಳಿವ್ನಿ."

ನಾನೇ ಮನೆಗೆ ಮೊದಲ ಮಗು ಅಂತ ತಿಳಿದಿದ್ದವಳು ನಾನು.

ಅವ್ವ ನಿಲ್ಲಿಸಲಿಲ್ಲ. ಹೆಚ್.ಡಿ. ಕೋಟೆ ಕಡೆಯ ತನ್ನ ತವರಿಗೆ ಹೋದದ್ದು, ಮೂರು ತಿಂಗಳು ಇದ್ದದ್ದು, ಅಲ್ಲಿ ಅವರಪ್ಪ ಜಗುಲಿ ಮೇಲೆ ನ್ಯಾಯ ಸೇರಿಸಿದ್ದು. "ಈ ಕಡೆಯಿಂದ ನೀವೇ ಬಂದಿದ್ರಿ ಬಾವ. ಆಗಿನ್ನೂ ನಿಮ್ಗೆ ಕರೀ ಮೀಸೆ. ನನ್ನ ಬಾಗ್ಲಲ್ಲಿ ನಿಲ್ಲುಸ್ಕಂಡು ಹೊಂದ್ಕಂಡು ಓಗವ್ವ ಅಂದ್ರಿ. ಏನಾಯ್ತವ್ವ ಅಂತ ಯಾರೂ ನನ್ ಕೇಳ್ನಿಲ್ಲ. ಸಂಜೆ ಬಸ್ಸಿಗೆ ಕರ್ಕಂಡ್ ಬಂದ್ಬುಟ್ರಿ. ಹೊಂದ್ಕಂಡೆ. ಈಗ ನನ್ ಮಗಳ್ನ ನನ್ ಥರ ಬಾಳು ಅಂತೀರ. ಬ್ಯಾಡ. ನಾನು ಬಾಳಿಲ್ಲ."

ಎಲ್ಲರೂ ಅಪ್ಪನ್ನ ನೋಡಿದರು. ಸುಳ್ಳು ಅಂತ ಅವನು ಒಂದೇ ಒಂದು ಮಾತು ಅಂದಿದ್ದರೂ ಅಷ್ಟೂ ಜನ ಅವನ ಕಡೆಗೇ ತಿರುಗೋರು. ಅವನು ಅನ್ನಲಿಲ್ಲ, ಕಾಲಿನ ಉಗುರು ನೋಡ್ತಾ ಕೂತಿದ್ದ. ದೊಡ್ಡಪ್ಪನೇ ಕೊನೆಗೆ, "ಆ ಕಾಲ ಅಂಗಿತ್ತು ಕಣವ್ವ," ಅಂದರು.

"ಕಾಲ ಬರ್ನಿಲ್ಲ ಬಾವ. ನೀವು ಬಂದಿದ್ರಿ," ಅಂದಳು ಅವ್ವ.

ದೊಡ್ಡಪ್ಪ ಕನ್ನಡಕ ಮಡಚಿ ಜೇಬಿಗಿಟ್ಟರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಸಹಿ ಹಾಕ್ಬುಡಪ್ಪ. ಕೂಸು ತಾಯಿ ಜೊತೆ ಇರ್ಲಿ," ಅಂದರು. ಅವನು ಏನೋ ಹೇಳೋಕೆ ಬಾಯಿ ತೆಗೆದ. "ಹಾಕು ಅಂದ್ನಲ್ಲ!" ಅಂತ ಅವರು ಕೂಗಿದ ರಭಸಕ್ಕೆ ನನ್ನ ಮಗಳು ಬೆಚ್ಚಿ ನನ್ನ ಕುತ್ತಿಗೆ ತಬ್ಬಿಕೊಂಡಳು. ಅಷ್ಟೇ. ಐದು ಸಲ ಹೇಳಿ ನನಗೆ ಸಿಗದ ಮಾತು ಅವ್ವ ಒಂದು ಸಲ ಹೇಳಿದ್ದಕ್ಕೆ ಸಿಕ್ಕಿತು.

ಎಲ್ಲರೂ ಹೋದ ಮೇಲೆ ಅವ್ವ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಅಪ್ಪ ಕೈಕಾಲು ತೊಳೆದು ಬಂದು ಕೂತ. ಅವ್ವ ಬಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯ್ತು. ಅವನು ಉಂಡು ಎದ್ದು ಹೋಗೋದನ್ನೇ ಕಾದಿದ್ದು, "ಇಷ್ಟೆಲ್ಲ ಹೇಳ್ಬುಟ್ಟು ಮತ್ತೆ ಅವ್ನಿಗೇ ಬಡುಸ್ತೀಯಲ್ಲವ್ವ, ನಿಂಗೆ ಏನನ್ಬೇಕು?" ಅಂತ ಜಗಳಕ್ಕೇ ನಿಂತೆ. ಅವಳು ತಟ್ಟೆ ತೊಳೀತಾ, "ನಿನ್ ಬುಡುಸ್ಕಳಕೆ ಹೇಳ್ದೆ ಕಣವ್ವ. ನಂಗೆ ಈಗ ಯಾವ್ ಊರು?" ಅಂದಳು.

ಸಹಿ ಆಯಿತು. ಕೋರ್ಟಿನ ಕಾಗದವೂ ಬಂತು. ಈಗ ಹುಣಸೂರಿನಲ್ಲಿ ಒಂದು ರೂಮು ಮಾಡಿಕೊಂಡು ರವಿಕೆ ಹೊಲೀತೀನಿ. ಮಗಳು ಎರಡನೇ ಕ್ಲಾಸು. ನಮ್ಮ ಬಾಗಿಲಿಗೆ ಒಳಗಿನಿಂದ ಮಾತ್ರ ಚಿಲಕ. ಅಪ್ಪನ ಜಗುಲಿಯಲ್ಲಿ ಈಗ ನ್ಯಾಯ ಸೇರೋದಿಲ್ಲವಂತೆ. ಯಾರೂ ಕರೆಯೋದೂ ಇಲ್ಲ. ಆ ಸಿಟ್ಟನ್ನ ಅವನು ಯಾರ ಮೇಲೆ ತೀರಿಸಿಕೊಳ್ತಾನೆ ಅಂತ ನನಗೆ ಗೊತ್ತಿಲ್ಲವೇ? ಬಂದು ನನ್ನ ಜೊತೆ ಇದ್ದುಬಿಡವ್ವ ಅಂತ ವಾರಕ್ಕೆರಡು ಸಲ ಫೋನ್ ಮಾಡ್ತೀನಿ. ಹಸು ಈಯ್ಲಿ ಅಂತಾಳೆ, ಹಬ್ಬ ಕಳೀಲಿ ಅಂತಾಳೆ. ನಾನು ಬಿಡದೆ ಮತ್ತೆ ಮತ್ತೆ ಕರೀತೀನಿ.

ಹೋದ ವಾರ ಫೋನಿನಲ್ಲಿ, ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ಕೇಳಿಬಿಟ್ಟೆ.

"ಅವ್ವ, ಆ ಕೂಸು ಗಂಡಾ, ಹೆಣ್ಣಾ?"

ಫೋನ್ ಕಟ್ಟಾಯಿತೇನೋ ಅಂತ ಕಿವಿಯಿಂದ ತೆಗೆದು ನೋಡಿದೆ, ಆಗಿರಲಿಲ್ಲ.

"ಹೆಣ್ಣು ಕಣವ್ವ," ಅಂದಳು. "ತಲೆ ತುಂಬ ಕೂದ್ಲಿತ್ತು. ಕೈ ನೋಡ್ಬೇಕಿತ್ತು ನೀನು, ಇಷ್ಟಿಷ್ಟೇ ಬೆರಳು..." ಅಂತ ಶುರು ಮಾಡಿದವಳು ಥಟ್ಟನೆ ದನಿ ತಗ್ಗಿಸಿ, "ನಿಮ್ಮಪ್ಪ ಬಂದ್ರು, ಇಡ್ತೀನಿ," ಅಂದು ಫೋನ್ ಇಟ್ಟಳು.